ಸ್ಪಿನ್ನಿಂಗೋ, ಬೇಟ್‌ಕಾಸ್ಟರೋ? ಬಾಸ್ ಹಿಡಿಯಲು ಮೊದಲ ರಾಡ್

ಪ್ರಶ್ನೆ: ನಾವು ಟೆಕ್ಸಾಸ್‌ನ ಫ್ರಿಸ್ಕೊದಲ್ಲಿದ್ದೇವೆ. ಊರಲ್ಲಿ ಬಿದಿರು ಗಳಕ್ಕೆ ನೈಲಾನ್ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ, ಕೆರೆ ಏರಿ ಮೇಲೆ ಕೂತು ಗಾಳ ಹಾಕಿದ್ದೇ ನನ್ನ ಅನುಭವ. ಇಲ್ಲಿ ನಮ್ಮ ಬಡಾವಣೆಯ ಕೊಳದಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಮೀನು ಇದೆ, ಹತ್ತಿರದಲ್ಲೇ ಲೇಕ್ ಲೂಯಿಸ್‌ವಿಲ್ ಇದೆ. ರಾಡ್ ಕೊಳ್ಳಲು ಅಂಗಡಿಗೆ ಹೋದರೆ "ಬಾಸ್‌ಗೆ ಬೇಟ್‌ಕಾಸ್ಟರೇ ಸರಿ, ಸ್ಪಿನ್ನಿಂಗ್ ಎಲ್ಲ ಮಕ್ಕಳಿಗೆ" ಅಂದರು. ಆಫೀಸಿನ ಗೆಳೆಯ ಸ್ಪಿನ್ನಿಂಗ್ ತಗೋ ಅನ್ನುತ್ತಾನೆ. ಬರುವ ವಸಂತದಲ್ಲಿ ತನ್ನ ದೋಣಿಯಲ್ಲಿ ಲೇಕ್ ಫೋರ್ಕ್‌ಗೆ ಕರೆದುಕೊಂಡು ಹೋಗುತ್ತೇನೆ ಅಂತಲೂ ಹೇಳಿದ್ದಾನೆ. ನಾನು ಎಡಚ. 10 ವರ್ಷದ ಮಗಳೂ ಜೊತೆಗೆ ಬರುತ್ತಾಳೆ. ಸದ್ಯಕ್ಕೆ 150 ಡಾಲರ್ ತೆಗೆದಿಟ್ಟಿದ್ದೇನೆ. ಯಾವುದು ಕೊಳ್ಳಲಿ?

ಉತ್ತರ: ಸ್ಪಿನ್ನಿಂಗ್ ತಗೊಳ್ಳಿ. 6 ಅಡಿ 10 ಇಂಚು ಅಥವಾ 7 ಅಡಿಯ ರಾಡ್, ಮೀಡಿಯಂ ಪವರ್, ಫಾಸ್ಟ್ ಆಕ್ಷನ್, ಅದಕ್ಕೆ ದಾರ ಸುತ್ತುವ 2500 ಅಥವಾ 3000 ಗಾತ್ರದ ರೀಲ್. ಕೊಳಕ್ಕೂ ಲೂಯಿಸ್‌ವಿಲ್‌ನ ದಡಕ್ಕೂ ಇಷ್ಟು ಸಾಕು. ಫೋರ್ಕ್‌ಗೆ ಹೋಗುವುದು ಖಾತ್ರಿಯಾದ ಮೇಲೆ ಬೇಟ್‌ಕಾಸ್ಟರ್ ಕೊಳ್ಳುವ ವಿಚಾರ ಮಾಡಿ. ಆಗಲೂ ಅದು ಇದರ ಪಕ್ಕಕ್ಕೆ ಬರುವ ಎರಡನೆಯ ರಾಡ್. ಅದು ಬಂತೆಂದು ಇದನ್ನು ಮೂಲೆಗೆ ಇಡಬೇಕಾಗಿಲ್ಲ.

ಅಂಗಡಿಯವರ ಮಾತು ಈ ದೇಶದ ಬಾಸ್ ಹುಚ್ಚರಲ್ಲಿ ಬಹಳ ದಿನದಿಂದ ಇರುವ ಒಂದು ಒಣಜಂಭ. 1967ರಲ್ಲಿ ರೇ ಸ್ಕಾಟ್ ಎಂಬಾತ ಅರ್ಕನ್ಸಾ ರಾಜ್ಯದ ಬೀವರ್ ಲೇಕ್‌ನಲ್ಲಿ ದೊಡ್ಡ ಬಾಸ್ ಪಂದ್ಯ ನಡೆಸಿ, ಮರುವರ್ಷ ಬಾಸ್ ಹಿಡಿಯುವವರದೇ ಒಂದು ಸಂಘ ಕಟ್ಟಿದ. ಅಂದಿನಿಂದ ಈ ಆಟ ಬೆಳೆದದ್ದು ಹೆಚ್ಚಾಗಿ ದಕ್ಷಿಣದ ರಾಜ್ಯಗಳ ಜಲಾಶಯಗಳಲ್ಲಿ. ಕಲಕಿದ ನೀರು, ಮುಳುಗಿದ ಮರ, ದಪ್ಪ ಲೈನ್ (ಗಾಳದ ದಾರ), ಭಾರದ ಲೂರ್ (ಮೀನನ್ನು ಮರುಳು ಮಾಡುವ ಕೃತಕ ಎರೆ). ಅಲ್ಲಿ ಬೇಟ್‌ಕಾಸ್ಟರ್ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಸ್ಪಿನ್ನಿಂಗ್ ಹಿಡಿದವನನ್ನು ಗೆಳೆಯರೇ ಆಡಿಕೊಳ್ಳುತ್ತಿದ್ದರು. ಈಗ ಪಂದ್ಯದ ದೋಣಿಗಳಲ್ಲಿ ಎರಡೂ ಬಗೆಯ ರಾಡ್‌ಗಳು ಸಾಲಾಗಿ ಮಲಗಿರುತ್ತವೆ. ನೀರು ತಿಳಿಯಾಗಿದ್ದು ಮೀನು ಮುನಿಸಿಕೊಂಡ ದಿನ ಬಹುಮಾನದ ಹಣವೂ ಸ್ಪಿನ್ನಿಂಗ್ ರಾಡ್‌ನಿಂದಲೇ ಬರುತ್ತದೆ. ಮಕ್ಕಳಿಗೆ, ದೊಡ್ಡವರಿಗೆ ಎನ್ನುವ ಭೇದವನ್ನು ತಲೆಯಿಂದ ತೆಗೆದುಹಾಕಿ. ಇಲ್ಲಿ ತೀರ್ಮಾನ ಮಾಡುವುದು ಎರಡೇ ಸಂಗತಿ: ಲೂರ್ ಎಷ್ಟು ಭಾರ, ಲೈನ್ ಎಷ್ಟು ದಪ್ಪ.

ಅದು ಯಾಕೆ ಅಂತ ತಿಳಿಯಲು ಎರಡು ರೀಲ್‌ಗಳ ಹೊಟ್ಟೆಯಲ್ಲಿ ಏನಾಗುತ್ತದೆ ನೋಡಬೇಕು.

ಸ್ಪಿನ್ನಿಂಗ್ ರೀಲ್‌ನ ಸ್ಪೂಲ್, ಅಂದರೆ ಲೈನ್ ಸುತ್ತಿರುವ ಉರುಳೆ, ಎಸೆಯುವಾಗ ಅಲುಗಾಡುವುದೇ ಇಲ್ಲ. ರಾಡ್‌ನ ಉದ್ದಕ್ಕೆ ಮುಖ ಮಾಡಿ ಸುಮ್ಮನೆ ನಿಂತಿರುತ್ತದೆ, ಲೈನ್ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ. ಈ ಯೋಚನೆಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಸೀಮೆಯವನು. ನೂಲಿನ ಕಂಡಿಕೆಯ ತುದಿಯಿಂದ ದಾರ ಜಾರಿ ಬರುವುದನ್ನು ದಿನವೂ ಕಂಡವನು. ಲೂರ್ ಇಲ್ಲಿ ಎಳೆಯಬೇಕಾದದ್ದು ಲೈನನ್ನು ಮಾತ್ರ, ಯಾವ ಚಕ್ರವನ್ನೂ ತಿರುಗಿಸಬೇಕಾಗಿಲ್ಲ. ಹಾಗಾಗಿ 3 ಗ್ರಾಂ ಲೂರ್ ಕೂಡ ಸಲೀಸಾಗಿ ದೂರ ಹೋಗುತ್ತದೆ. ಸ್ಪಿನ್ನಿಂಗ್ ರಾಡ್‌ನ ಮೊದಲ ಉಂಗುರ ಅಷ್ಟು ದೊಡ್ಡದಾಗಿರುವುದು ಆ ಸುರುಳಿಗಳನ್ನು ಹಿಡಿದು ಸಪೂರ ಮಾಡಿ ಮುಂದಕ್ಕೆ ಬಿಡಲಿಕ್ಕೆ.

ಬೇಟ್‌ಕಾಸ್ಟರ್ ಇದಕ್ಕಿಂತ ಹಿರಿಯ. ಅಮೆರಿಕದಲ್ಲಿ 19ನೇ ಶತಮಾನದ ಮೊದಲ ದಶಕಗಳಲ್ಲಿ ಇದರ ಮೂಲ ರೂಪವನ್ನು ಮಾಡಿದ ಜಾರ್ಜ್ ಸ್ನೈಡರ್ ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಗಡಿಯಾರದವನು. ಹಲ್ಲುಚಕ್ರ ಕೂಡಿಸಿ, ಹ್ಯಾಂಡಲ್ ಒಂದು ಸುತ್ತು ಹಾಕಿದರೆ ಸ್ಪೂಲ್ ಹಲವು ಸುತ್ತು ತಿರುಗುವ ಹಾಗೆ ಮಾಡಿದ. ಇಲ್ಲಿ ಸ್ಪೂಲ್ ರಾಡ್‌ಗೆ ಅಡ್ಡವಾಗಿ ಕೂತಿರುತ್ತದೆ, ಎಸೆದಾಗ ಅದೇ ತಿರುಗಿ ಲೈನ್ ಬಿಡಬೇಕು. ತಿರುಗಿಸುವ ಕೆಲಸ ಲೂರ್‌ನದು. ಲೂರ್ ಹಗುರವಾದರೆ ಸ್ಪೂಲನ್ನು ಎಬ್ಬಿಸುವ ಶಕ್ತಿಯೇ ಅದಕ್ಕಿರುವುದಿಲ್ಲ.

ತಿರುಗುವುದು ಶುರುವಾದ ಮೇಲೆ ಇನ್ನೊಂದು ಕಷ್ಟ. ಬಾವಿಗೆ ಕೊಡ ಬಿಟ್ಟಾಗ ಕೊಡ ನೀರು ಮುಟ್ಟಿದರೂ ರಾಟೆ ತನ್ನ ವೇಗದಲ್ಲಿ ಇನ್ನೂ ತಿರುಗಿ ಹಗ್ಗ ಸಡಿಲವಾಗಿ ಗುಡ್ಡೆ ಬೀಳುತ್ತದಲ್ಲ, ಅದೇ ಕಥೆ. ಗಾಳಿಯ ತಡೆಗೆ ಲೂರ್ ನಿಧಾನವಾಗುತ್ತದೆ, ಸ್ಪೂಲ್ ಆಗುವುದಿಲ್ಲ. ಹೊರಗೆ ಹೋಗಲಾರದ ಲೈನ್ ಸ್ಪೂಲ್ ಮೇಲೆಯೇ ಉಬ್ಬಿ ಗಂಟು ಗಂಟಾಗಿ ಹೆಣೆದುಕೊಳ್ಳುತ್ತದೆ. ಬ್ಯಾಕ್‌ಲ್ಯಾಶ್ ಅನ್ನುವುದು ಇದಕ್ಕೇ. ಇದನ್ನು ತಡೆಯಲು ರೀಲ್‌ನಲ್ಲಿ ಅಯಸ್ಕಾಂತದ್ದೋ, ಸ್ಪೂಲ್ ತಿರುಗುವ ರಭಸಕ್ಕೇ ಹೊರಕ್ಕೆ ಸರಿದು ಉಜ್ಜುವ ಪುಟ್ಟ ತುಂಡುಗಳದ್ದೋ ಬ್ರೇಕ್ ಇರುತ್ತದೆ. ಆದರೆ ನಿಜವಾದ ಬ್ರೇಕ್ ನಿಮ್ಮ ಹೆಬ್ಬೆರಳು. ಅದಕ್ಕೆ ಬುದ್ಧಿ ಬರುವವರೆಗೆ ದಡದಲ್ಲಿ ಕೂತು ಗಂಟು ಬಿಡಿಸುವುದೇ ಕೆಲಸ. ವಾರಕ್ಕೊಂದು ಸಂಜೆ, ಅದೂ ಮಗಳ ಜೊತೆ ಸಿಗುವ ಎರಡು ಗಂಟೆಯನ್ನು ಅದಕ್ಕೆ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಗಡಿ ಎಲ್ಲಿ ಅಂತ ಕೇಳಿದರೆ ನಾನು ಹೀಗೆ ಎಳೆಯುತ್ತೇನೆ. ಕಾಲು ಔನ್ಸ್, ಅಂದರೆ ಸುಮಾರು 7 ಗ್ರಾಂವರೆಗಿನ ಎಲ್ಲವೂ ಸ್ಪಿನ್ನಿಂಗ್‌ಗೆ. ಅರ್ಧ ಔನ್ಸ್, 14 ಗ್ರಾಂ ದಾಟಿದ್ದೆಲ್ಲ ಬೇಟ್‌ಕಾಸ್ಟರ್‌ಗೆ. ನಡುವಿನದು ಎರಡರಲ್ಲೂ ನಡೆಯುತ್ತದೆ. ನಡುವಿನ ಈ ಪಟ್ಟಿಯಲ್ಲೇ ನಿಮಗೆ ಬೇಕಾದ ಲೂರ್‌ಗಳಲ್ಲಿ ಅರ್ಧಕ್ಕರ್ಧ ಇವೆ, ಅದಕ್ಕೇ ಒಂದು ಮೀಡಿಯಂ ಸ್ಪಿನ್ನಿಂಗ್ ರಾಡ್ ಅಷ್ಟೊಂದು ಕೆಲಸಕ್ಕೆ ಬರುತ್ತದೆ. ಹಗುರ ಲೂರ್‌ಗೆಂದೇ ಸಣ್ಣ, ಹಗುರ ಸ್ಪೂಲ್ ಇಟ್ಟು ಮಾಡಿದ ಬೇಟ್‌ಕಾಸ್ಟರ್‌ಗಳೂ ಇವೆ, ಜಪಾನಿನಿಂದ ಬಂದ ಶೋಕಿ. ಚೆನ್ನಾಗಿಯೇ ಇರುತ್ತವೆ, ಆದರೆ ನಿಮ್ಮ 150 ಡಾಲರ್‌ಗೆ ಅದರ ಗೊಡವೆ ಬೇಡ.

ಇನ್ನು ಲೈನ್. ಸ್ಪಿನ್ನಿಂಗ್ ಸ್ಪೂಲ್‌ನಿಂದ ಲೈನ್ ಸುರುಳಿಯಾಗಿ ಬರುತ್ತದೆ ಅಂದೆನಲ್ಲ, ದಪ್ಪಗೆ ಬಿರುಸಾದ ಲೈನ್ ಆ ಸುರುಳಿಯನ್ನು ಬಿಡಲು ಒಪ್ಪುವುದಿಲ್ಲ. 15 ಪೌಂಡ್ (ಅಷ್ಟು ಎಳೆತ ತಡೆಯುವ) ಫ್ಲೋರೊಕಾರ್ಬನ್ ಎಂಬ ಬಿರುಸು ಲೈನ್ ಸುತ್ತಿ ನೋಡಿ, ಬೇಲ್ (ಲೈನ್ ಹಿಡಿದಿಡುವ ತಂತಿಯ ಕಮಾನು) ತೆರೆದ ಕೂಡಲೇ ಸ್ಪ್ರಿಂಗಿನ ಹಾಗೆ ಹಾರಿ ಹೊರಬೀಳುತ್ತದೆ. 6ರಿಂದ 10 ಪೌಂಡ್ ಒಳಗಿದ್ದರೆ ಕ್ಷೇಮ. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ಲೈನ್ ಮಾತ್ರ ಮೆತ್ತಗಿರುತ್ತದೆ, ತೆಳ್ಳಗೂ ಇರುತ್ತದೆ. 30 ಪೌಂಡ್ ಬ್ರೇಡ್ ದಪ್ಪದಲ್ಲಿ 8 ಪೌಂಡ್ ನೈಲಾನ್‌ಗೆ ಸಮ. ಆದ್ದರಿಂದ ನಿಮಗೆ ನನ್ನ ಶಿಫಾರಸು: 15 ಪೌಂಡ್ ಬ್ರೇಡ್, ಅದರ ತುದಿಗೆ ಐದಾರು ಅಡಿ 8 ಪೌಂಡ್ ಫ್ಲೋರೊಕಾರ್ಬನ್ ಲೀಡರ್ (ಗಾಳ ಕಟ್ಟುವ ಕೊನೆಯ ತುಂಡು). ಬ್ರೇಡ್ ನೀರಲ್ಲಿ ಎದ್ದು ಕಾಣುತ್ತದೆ, ಫ್ಲೋರೊಕಾರ್ಬನ್ ಅಷ್ಟಾಗಿ ಕಾಣುವುದಿಲ್ಲ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು ಕಲಿತರೆ ಸಾಕು. ಸ್ಪೂಲ್‌ಗೆ ಬ್ರೇಡನ್ನು ನೇರವಾಗಿ ಕಟ್ಟಬೇಡಿ, ಲೋಹದ ಮೇಲೆ ಇಡೀ ಸುತ್ತೇ ಜಾರಿ ತಿರುಗುತ್ತದೆ. ಮೊದಲು ಕೆಲವು ಸುತ್ತು ಸಾದಾ ನೈಲಾನ್ ಹಾಕಿ, ಅದರ ಮೇಲೆ ಬ್ರೇಡ್. ಸ್ಪೂಲ್‌ನ ಅಂಚಿಗೆ ಸುಮಾರು 3 ಮಿಲಿಮೀಟರ್ ಉಳಿದಾಗ ನಿಲ್ಲಿಸಿ. ಆಸೆಗೆ ಬಿದ್ದು ತುಂಬಿಸಿದರೆ ಒಂದೇ ಎಸೆತಕ್ಕೆ ಹತ್ತು ಸುರುಳಿ ಒಟ್ಟಿಗೆ ಕಿತ್ತುಕೊಂಡು ಬಂದು ಉಂಗುರದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಸ್ಪಿನ್ನಿಂಗ್‌ನಲ್ಲಿ ಗಂಟೇ ಬೀಳುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೀಳುತ್ತದೆ, ಬ್ಯಾಕ್‌ಲ್ಯಾಶ್‌ನಷ್ಟು ಹಾಳು ಮಾಡುವುದಿಲ್ಲ, ಅಷ್ಟೇ.

ಲೂಯಿಸ್‌ವಿಲ್‌ಗೆ ಹೋದಾಗ ಆಗಾಗ ಲೀಡರ್ ಮೇಲೆ ಬೆರಳಾಡಿಸಿ. ಅಲ್ಲಿ ಜೀಬ್ರಾ ಮಸಲ್ ಎನ್ನುವ ಪುಟ್ಟ ಚಿಪ್ಪುಹುಳು ಬೇರೂರಿದೆ. ಕಲ್ಲು, ಕಂಬ ಎಲ್ಲದಕ್ಕೂ ಅಂಟಿರುತ್ತದೆ, ಅಂಚು ಬ್ಲೇಡಿನಷ್ಟು ಚೂಪು. ಕೊನೆಯ ಒಂದಡಿ ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಈಗ ರಾಡ್. ಅಂಗಡಿಯಲ್ಲಿ ಹಿಡಿಕೆಯ ಮೇಲ್ಗಡೆ ರಾಡ್ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿರುತ್ತದೆ. ಜನ ಬಣ್ಣ ನೋಡುತ್ತಾರೆ, ಬಾಗಿಸಿ ನೋಡುತ್ತಾರೆ, ಆ ಸಾಲನ್ನು ಓದುವುದಿಲ್ಲ. ನಿಮಗೆ ಬೇಕಾದ ರಾಡ್ ಮೇಲೆ ಹೆಚ್ಚುಕಡಿಮೆ ಹೀಗಿರಬೇಕು: ಲೈನ್ 6–12 ಪೌಂಡ್, ಲೂರ್ 3/16–5/8 ಔನ್ಸ್, ಮೀಡಿಯಂ, ಫಾಸ್ಟ್. ಪವರ್ ಅಂದರೆ ರಾಡ್ ಬಾಗಿಸಲು ಎಷ್ಟು ಬಲ ಬೇಕು ಎಂಬುದು. ಆಕ್ಷನ್ ಅಂದರೆ ಎಲ್ಲಿ ಬಾಗುತ್ತದೆ ಎಂಬುದು. ಫಾಸ್ಟ್ ಆದರೆ ತುದಿಯ ಕಾಲು ಭಾಗದಷ್ಟೇ ಬಾಗುತ್ತದೆ, ಮಾಡರೇಟ್ ಆದರೆ ನಡುವಿನವರೆಗೂ. ಈ ಎರಡನ್ನೂ ಒಂದೇ ಅಂದುಕೊಂಡು "ಗಟ್ಟಿ ರಾಡ್ ಕೊಡಿ" ಅಂತ ಕೇಳುವವರೇ ಜಾಸ್ತಿ. ಜೊತೆಗೆ ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಹೆವಿಯಷ್ಟು ಬಿರುಸಾಗಿರುವುದುಂಟು, ಇದಕ್ಕೆ ಯಾವ ಏಕರೂಪದ ಅಳತೆಯೂ ಇಲ್ಲ. ಅದಕ್ಕೇ ಹೆಸರಿಗಿಂತ ಔನ್ಸಿನ ಅಂಕಿಯನ್ನು ನಂಬಿ.

ಹೊರನೋಟಕ್ಕೆ ಎರಡು ಬಗೆಯ ರಾಡ್‌ಗಳನ್ನು ಗುರುತಿಸುವುದು ಸುಲಭ. ಬೇಟ್‌ಕಾಸ್ಟಿಂಗ್ ರಾಡ್‌ನ ಹಿಡಿಕೆಯ ಕೆಳಗೆ ಬೆರಳು ಸಿಕ್ಕಿಸಲು ಟ್ರಿಗರ್ ಇರುತ್ತದೆ, ಉಂಗುರಗಳು ಸಣ್ಣವು, ರೀಲ್ ಮತ್ತು ಉಂಗುರ ಎರಡೂ ಮೇಲ್ಗಡೆ ಇರುತ್ತವೆ. ಸ್ಪಿನ್ನಿಂಗ್‌ನಲ್ಲಿ ಎಲ್ಲವೂ ಕೆಳಗೆ ತೂಗುತ್ತವೆ. ನಮ್ಮವರಲ್ಲಿ ಹೊಸದಾಗಿ ಹಿಡಿದವರು ಸ್ಪಿನ್ನಿಂಗ್ ರೀಲನ್ನು ಮೇಲ್ಮುಖ ಮಾಡಿಕೊಂಡು ಹ್ಯಾಂಡಲ್ ಹಿಂದಕ್ಕೆ ತಿರುಗಿಸುವುದನ್ನು ಪಾರ್ಕಿನ ಕಟ್ಟೆಗಳ ಮೇಲೆ ಎಷ್ಟು ಸಲ ನೋಡಿದ್ದೇನೋ! ರೀಲ್ ಕೆಳಗಿರಲಿ. ಅದರ ಕಾಲನ್ನು ನಡುವಿನ ಎರಡು ಬೆರಳುಗಳ ಸಂದಿಗೆ ತಗೊಳ್ಳಿ. ಒಂದರ ರೀಲನ್ನು ಇನ್ನೊಂದರ ರಾಡ್‌ಗೆ ಹಾಕುವ ಉಳಿತಾಯದ ಯೋಚನೆಯೂ ಬೇಡ. ಉಂಗುರದ ಗಾತ್ರ, ಸ್ಥಾನ ಎರಡೂ ಹೊಂದುವುದಿಲ್ಲ.

ಎಡಚ ಅಂದಿರಿ. ಇದರಲ್ಲಿ ನಿಮಗೆ ಲಾಭವೇ. ಸ್ಪಿನ್ನಿಂಗ್ ರೀಲ್‌ನ ಹ್ಯಾಂಡಲ್ ಪೆಟ್ಟಿಗೆಯಿಂದ ಬರುವಾಗ ಸಾಮಾನ್ಯವಾಗಿ ಎಡಕ್ಕಿರುತ್ತದೆ, ತಿರುಪು ಬಿಚ್ಚಿ ಬಲಕ್ಕೆ ಹಾಕಿಕೊಂಡರಾಯಿತು. ಎಡಗೈಯಲ್ಲಿ ಎಸೆದು ಬಲಗೈಯಲ್ಲಿ ಸುತ್ತಬಹುದು. ಬೇಟ್‌ಕಾಸ್ಟರ್‌ನಲ್ಲಿ ಹೀಗೆ ಬದಲಿಸಲಾಗದು, ಎಡ ಅಥವಾ ಬಲ ಅಂತ ಕೊಳ್ಳುವಾಗಲೇ ಆರಿಸಬೇಕು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬಲಗೈಯಲ್ಲಿ ಸುತ್ತುವಂಥದ್ದು. ಬಲಗೈಯವರು ಬಲಗೈಯಲ್ಲಿ ಎಸೆದು, ರಾಡನ್ನು ಎಡಗೈಗೆ ದಾಟಿಸಿ, ಮತ್ತೆ ಬಲಗೈಯಲ್ಲಿ ಸುತ್ತುವ ಸರ್ಕಸ್ ಮಾಡುತ್ತಾರೆ. ಲೂರ್ ನೀರಿಗೆ ಬೀಳುವ ಕ್ಷಣದಲ್ಲೇ ಮೀನು ಕಚ್ಚಿದರೆ ಆ ದಾಟಿಸುವ ಗಡಿಬಿಡಿಯಲ್ಲಿ ಅದು ತಪ್ಪಿ ಹೋಗುತ್ತದೆ. ನಿಮಗೆ ಆ ತಾಪತ್ರಯ ಇಲ್ಲ. ಮುಂದೆ ಬೇಟ್‌ಕಾಸ್ಟರ್ ಕೊಂಡಾಗ ಅಂಗಡಿಯವರು "ಎಡಚರಿಗೆ ಎಡಗೈ ಮಾಡೆಲ್" ಅಂತ ಕೈಗಿಟ್ಟರೆ ಬೇಡ ಅನ್ನಿ.

ರಾಡ್ ಮತ್ತು ರೀಲ್ ಸೇರಿದ ಸೆಟ್‌ಗೆ 70ರಿಂದ 90 ಡಾಲರ್ ಇಟ್ಟುಕೊಳ್ಳಿ. ಆ ಬೆಲೆಗೆ ಸಿಗುವ ಸ್ಪಿನ್ನಿಂಗ್ ಸೆಟ್ ವರ್ಷಗಟ್ಟಲೆ ಬಾಳುತ್ತದೆ. ಅದೇ ಬೆಲೆಯ ಬೇಟ್‌ಕಾಸ್ಟರ್‌ನಲ್ಲಿ ಮೊದಲು ಸೋಲುವುದು ಬ್ರೇಕ್ ಮತ್ತು ಬೇರಿಂಗ್, ಕಲಿಯುವವನಿಗೆ ಅತ್ಯಗತ್ಯವಾದದ್ದು ಅವೇ. ಅಗ್ಗದ ಬೇಟ್‌ಕಾಸ್ಟರ್ ಹಿಡಿದು "ಇದು ನನ್ನ ಕೈಗೆ ಹತ್ತುವುದಿಲ್ಲ" ಅಂತ ಕೈಬಿಟ್ಟವರಲ್ಲಿ ಹಲವರ ಕೈಯಲ್ಲಿ ದೋಷವೇ ಇರಲಿಲ್ಲ. ಉಳಿದ ಹಣ ಲೈನ್, ಲೂರ್, ಲೈಸೆನ್ಸ್ ಮತ್ತು ಗಾಳ ಬಿಡಿಸುವ ಉದ್ದ ಮೂತಿಯ ಇಕ್ಕಳಕ್ಕೆ.

ಲೂರ್ ಅಂತ ಅಂಗಡಿಯ ಗೋಡೆ ತುಂಬ ಕಾಣುವುದೆಲ್ಲ ಬೇಡ. 5 ಇಂಚಿನ ಮೆತ್ತಗಿನ ಪ್ಲಾಸ್ಟಿಕ್ ಹುಳುವಿನ ಒಂದು ಪೊಟ್ಟಣ, ಒಂದಷ್ಟು ಗಾಳ. ಕೊಳದ ಮಟ್ಟಿಗೆ ಇದಕ್ಕಿಂತ ನಂಬಿಕೆಯದ್ದು ನನಗೆ ಗೊತ್ತಿಲ್ಲ. ಎರೆಹುಳುವನ್ನು ಉದ್ದಕ್ಕೆ ಪೋಣಿಸಿ ಅಭ್ಯಾಸವಿರುವ ನಿಮಗೆ ಮೊದಲು ವಿಚಿತ್ರ ಅನ್ನಿಸುತ್ತದೆ: ಗಾಳವನ್ನು ಹುಳುವಿನ ಸರಿಯಾಗಿ ನಡುವಿಗೆ ಅಡ್ಡ ಚುಚ್ಚಬೇಕು, ಎರಡು ತುದಿಯೂ ಇಳಿಬಿದ್ದಿರಬೇಕು. ವ್ಯಾಕಿ ರಿಗ್ ಅನ್ನುತ್ತಾರೆ. ಭಾರ ಏನೂ ಕಟ್ಟಬೇಡಿ. ದಡದ ಜೊಂಡಿನ ಅಂಚಿಗೆ, ನೀರು ಬಂದು ಸೇರುವ ಪೈಪಿನ ಬಾಯಿಗೆ, ನೆರಳಿಗೆ ಎಸೆಯಿರಿ. ಲೂರ್ ನೀರಿಗೆ ಬಿದ್ದ ಮೇಲೆ ಬೇಲನ್ನು ಕೈಯಿಂದಲೇ ಮುಚ್ಚಿ. ಹ್ಯಾಂಡಲ್ ತಿರುಗಿಸಿ ಮುಚ್ಚುವ ಚಾಳಿ ಬೆಳೆದರೆ ಲೈನ್ ಸಡಿಲವಾಗಿಯೇ ಸುತ್ತಿಕೊಂಡು ಮುಂದಿನ ಎಸೆತದಲ್ಲಿ ಗಂಟಾಗುತ್ತದೆ. ಲೈನನ್ನು ಸ್ವಲ್ಪ ಸಡಿಲ ಬಿಟ್ಟು ಸುಮ್ಮನಿರಿ. ಹುಳು ಎರಡೂ ತುದಿ ನಡುಗಿಸುತ್ತಾ ನಿಧಾನವಾಗಿ ಇಳಿಯುತ್ತದೆ. ಬಾಸ್ ಕಚ್ಚುವುದು ಬಹುಪಾಲು ಈ ಇಳಿಯುವ ಹೊತ್ತಿನಲ್ಲೇ. ನಿಮ್ಮ ಊರ ಗಳದಲ್ಲಿ ಬೆಂಡು ಮುಳುಗಿ ಹೇಳುತ್ತಿತ್ತು. ಇಲ್ಲಿ ಬೆಂಡು ಇಲ್ಲ, ನೋಡಬೇಕಾದದ್ದು ಲೈನ್ ನೀರು ಮುಟ್ಟುವ ಜಾಗವನ್ನು. ಅದು ಚಿಟಿಕೆಯಷ್ಟು ಕುಣಿದರೆ, ಅಥವಾ ಸುಮ್ಮನೆ ಪಕ್ಕಕ್ಕೆ ನಡೆಯತೊಡಗಿದರೆ, ಅಥವಾ ತಳ ಮುಟ್ಟುವ ಮುಂಚೆಯೇ ನಿಂತುಬಿಟ್ಟರೆ, ಅದು ಬಾಸ್. ಸಡಿಲ ಲೈನ್ ಸುತ್ತಿ ಬಿಗಿ ಮಾಡಿ, ರಾಡನ್ನು ಪಕ್ಕಕ್ಕೆ ಎಳೆಯಿರಿ. ಟೀವಿಯಲ್ಲಿ ಮಾಡುವ ಹಾಗೆ ತಲೆ ಮೇಲೆ ಎತ್ತಿ ಹೊಡೆಯಬೇಡಿ. ತೆಳುವಾದ ಗಾಳ ಅಷ್ಟಕ್ಕೇ ಚುಚ್ಚಿಕೊಳ್ಳುತ್ತದೆ, ಎತ್ತಿ ಹೊಡೆದರೆ 8 ಪೌಂಡ್ ಲೀಡರ್ ಹರಿದೀತು. ಮೀನು ಎಳೆದಾಗ ಲೈನನ್ನು ತಡೆದು ತಡೆದು ಬಿಡುವ ಬ್ರೇಕಾದ ಡ್ರ್ಯಾಗನ್ನು ಮೊದಲೇ ಸುಮಾರು 2 ಪೌಂಡ್ ಎಳೆತಕ್ಕೆ ಲೈನ್ ಬಿಡುವ ಹಾಗೆ ಇಟ್ಟಿರಿ.

ಇದೇ ರಾಡ್‌ನಲ್ಲಿ ನೆಡ್ ರಿಗ್, ಡ್ರಾಪ್ ಶಾಟ್ ಎಂಬ ಗಾಳ ಕಟ್ಟುವ ಬಗೆಗಳು, ಸಣ್ಣ ಕ್ರ್ಯಾಂಕ್‌ಬೇಟ್, ಕಾಲು ಔನ್ಸಿನ ಸ್ಪಿನ್ನರ್‌ಬೇಟ್ ಎಂಬ ಲೂರ್‌ಗಳು ಎಲ್ಲ ನಡೆಯುತ್ತವೆ. ನೀರಿನ ಮೇಲೆ ಚಾಚಿದ ಕಟ್ಟೆಯ ಕೆಳಗಿನ ನೆರಳಿಗೆ ಹುಳುವನ್ನು ಚಪ್ಪಟೆ ಕಲ್ಲಿನ ಹಾಗೆ ನೀರ ಮೇಲೆ ಕುಪ್ಪಳಿಸಿ ಕಳಿಸುವುದೂ ಸ್ಪಿನ್ನಿಂಗ್‌ನಲ್ಲೇ ಸುಲಭ. ನೀರು ತಾಕಿ ಲೂರ್ ತಡೆದರೂ ಇಲ್ಲಿ ಉಬ್ಬಿಕೊಳ್ಳಲು ತಿರುಗುವ ಸ್ಪೂಲ್ ಇಲ್ಲ.

ಹಾಗಾದರೆ ಬೇಟ್‌ಕಾಸ್ಟರ್ ಯಾವಾಗ ಬೇಕೇ ಬೇಕು? ಲೇಕ್ ಫೋರ್ಕ್‌ನಲ್ಲಿ. 1980ರ ಸುಮಾರಿಗೆ ಅಣೆಕಟ್ಟು ಮುಗಿದು ನೀರು ನಿಲ್ಲಿಸಿದಾಗ ಕಣಿವೆಯ ಮರಗಳನ್ನು ಬಹಳ ಕಡೆ ಕಡಿಯದೆ ಹಾಗೆಯೇ ಬಿಟ್ಟರು. ಇವತ್ತಿಗೂ ಒಣಗಿದ ಕಾಂಡಗಳು ನೀರಿನಿಂದ ಎದ್ದು ನಿಂತಿವೆ, ಕಾಣದೆ ಮುಳುಗಿರುವುದು ಇನ್ನೂ ಹೆಚ್ಚು. ಅದರ ಮೇಲೆ ಹೈಡ್ರಿಲಾ ಎಂಬ ನೀರುಕಳೆ. ಟೆಕ್ಸಾಸ್‌ನ ದಾಖಲೆ ಬಾಸ್, 18.18 ಪೌಂಡಿನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಇದೇ ನೀರಲ್ಲಿ. ಇಂಥ ಕಡೆ ಲೂರ್ ಕಚ್ಚಿದ ಕೂಡಲೇ ಮೀನು ಮಾಡುವ ಮೊದಲ ಕೆಲಸ ಹತ್ತಿರದ ಬೊಡ್ಡೆಯ ಸುತ್ತ ಒಂದು ಸುತ್ತು ಹಾಕುವುದು. ಆ ಎರಡು ಸೆಕೆಂಡಿನಲ್ಲಿ ಅದರ ತಲೆಯನ್ನು ಈ ಕಡೆ ತಿರುಗಿಸಿ ಮೇಲಕ್ಕೆತ್ತದಿದ್ದರೆ ಮುಗಿಯಿತು. 8 ಪೌಂಡ್ ಲೀಡರ್‌ನಲ್ಲಿ ಅದು ಆಗದ ಮಾತು. 15ರಿಂದ 20 ಪೌಂಡ್ ಫ್ಲೋರೊಕಾರ್ಬನ್ ಅಥವಾ 50 ಪೌಂಡ್ ಬ್ರೇಡ್ ಬೇಕು. ಆ ದಪ್ಪದ ಲೈನ್ ಬೇಟ್‌ಕಾಸ್ಟರ್ ಸ್ಪೂಲ್‌ಗೆ ನೇರವಾಗಿ ಹೋಗಿ ಸುತ್ತಿಕೊಳ್ಳುತ್ತದೆ. ಸ್ಪಿನ್ನಿಂಗ್‌ನಲ್ಲಿ ಪ್ರತಿ ಸುತ್ತಿಗೂ ಲೈನ್ 90 ಡಿಗ್ರಿ ತಿರುವು ತಗೊಂಡು ಒಳಗೆ ಹೋಗಬೇಕು, ಭಾರ ಎಳೆಯುವಾಗ ಬಲವೆಲ್ಲ ಆ ತಿರುವಿನಲ್ಲೇ ಸೋರುತ್ತದೆ.

ನಿಖರತೆ ಇನ್ನೊಂದು. ಎರಡು ಮರಗಳ ನಡುವಿನ ಮಾರಗಲದ ಸಂದಿಗೆ ಜಿಗ್ (ತಲೆಗೆ ಭಾರ ಕೂಡಿಸಿದ ಗಾಳದ ಲೂರ್) ಇಳಿಸಬೇಕು ಅನ್ನಿ. ಬೇಟ್‌ಕಾಸ್ಟರ್ ಹಿಡಿದ ಕೈಯ ಹೆಬ್ಬೆರಳಿನಿಂದಲೇ ಗುಂಡಿ ಒತ್ತಿ, ಕೆಳಗಿನಿಂದ ಮೆಲ್ಲಗೆ ಬೀಸಿ ಕಳಿಸಿ, ಗುರಿಯ ಹತ್ತಿರ ಬಂದಾಗ ಅದೇ ಹೆಬ್ಬೆರಳಿನಿಂದ ಸವರಿ ನಿಧಾನ ಮಾಡಿದರೆ ಜಿಗ್ ಸದ್ದಿಲ್ಲದೆ ಇಳಿಯುತ್ತದೆ. ಸ್ಪಿನ್ನಿಂಗ್‌ನಲ್ಲಿ ಪ್ರತಿ ಸಲವೂ ಇನ್ನೊಂದು ಕೈಯಿಂದ ಬೇಲ್ ತೆರೆಯಬೇಕು, ಬೆರಳಿಗೆ ಲೈನ್ ಸಿಕ್ಕಿಸಿಕೊಳ್ಳಬೇಕು. ಇಡೀ ದಿನ ಇದನ್ನೇ ಮಾಡುವಾಗ ವ್ಯತ್ಯಾಸ ತಿಳಿಯುತ್ತದೆ. ಜಿಗ್‌ನ ದಪ್ಪ ಗಾಳ ಬಾಸ್‌ನ ಬಾಯಿಯ ಗಟ್ಟಿ ಭಾಗಕ್ಕೆ ನಾಟಲು ಜೋರಾಗಿಯೇ ಸೆಳೆಯಬೇಕು, ಅದಕ್ಕೆ ಮೀಡಿಯಂ ಹೆವಿ ರಾಡ್ ಬೇಕು. ಜೊಂಡಿನ ಹಾಸಿನ ಮೇಲೆ ಪ್ಲಾಸ್ಟಿಕ್ ಕಪ್ಪೆ ಎಳೆಯುವುದಂತೂ ಸ್ಪಿನ್ನಿಂಗ್‌ನ ಕೆಲಸವೇ ಅಲ್ಲ. ಮೀನಿನ ಜೊತೆ ಎರಡು ಮೂರು ಕೆಜಿ ಸೊಪ್ಪೂ ಬರುತ್ತದೆ.

ಆದರೂ ಫೋರ್ಕ್‌ಗೆ ಮೊದಲ ಸಲ ಹೋಗುವಾಗ ಹೊಸ ಬೇಟ್‌ಕಾಸ್ಟರ್ ಕೊಂಡು ಹೋಗಬೇಡಿ. ಗೆಳೆಯನ ದೋಣಿಯಲ್ಲಿ ಖಂಡಿತ ಒಂದು ಹೆಚ್ಚಿನದಿರುತ್ತದೆ, ಅದನ್ನು ಕೇಳಿ ಬಳಸಿ. ಇಷ್ಟವಾದರೆ ಆಮೇಲೆ ನಿಮ್ಮದು ಕೊಳ್ಳಿ: 7 ಅಡಿ, ಮೀಡಿಯಂ ಹೆವಿ, ಫಾಸ್ಟ್, ಲೂರ್ 3/8–1 ಔನ್ಸ್ ಅಂತ ಬರೆದಿರುವಂಥದ್ದು, ರೀಲ್‌ನ ಗೇರ್ ಅನುಪಾತ (ಹ್ಯಾಂಡಲಿನ ಒಂದು ಸುತ್ತಿಗೆ ಸ್ಪೂಲ್ ಹಾಕುವ ಸುತ್ತು) 7:1ರ ಆಸುಪಾಸು. ಎರಡಕ್ಕೂ ಸೇರಿ 150 ಡಾಲರ್‌ಗಿಂತ ಕಡಿಮೆ ಯೋಚಿಸಬೇಡಿ.

ಕೊಂಡ ದಿನ ನೀರಿಗೆ ಹೋಗಬೇಡಿ, ಹಿತ್ತಲಿನ ಹುಲ್ಲಿಗೆ ಹೋಗಿ. ಗಾಳವಿಲ್ಲದ ಅರ್ಧ ಔನ್ಸ್ ತೂಕ ಕಟ್ಟಿ, ಗುಂಡಿ ಒತ್ತಿ ಬಿಡಿ. ಹ್ಯಾಂಡಲ್ ಪಕ್ಕದ ಸಣ್ಣ ತಿರುಪನ್ನು, ತೂಕ ನಿಧಾನವಾಗಿ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವಷ್ಟು ಬಿಗಿ ಮಾಡಿ. ಇನ್ನೊಂದು ಪಕ್ಕದ ಬ್ರೇಕನ್ನು ಪೂರ್ತಿ ಮೇಲಕ್ಕೆ ಇಡಿ. ಎಸೆತ ಹತ್ತಿರವೇ ಬೀಳುತ್ತದೆ, ಬೀಳಲಿ. ಬಲ ಹಾಕಿ ಎಸೆದಷ್ಟೂ ಗಂಟು ಜಾಸ್ತಿ. ರಾಡ್‌ನ ತುದಿಗೇ ಕೆಲಸ ಬಿಡಿ. ತೂಕ ನೆಲ ಮುಟ್ಟುವ ಮುಂಚೆ ಹೆಬ್ಬೆರಳು ಸ್ಪೂಲ್ ಮೇಲೆ ಒತ್ತಿ ನಿಲ್ಲಿಸಬೇಕು, ಇದೊಂದೇ ಪಾಠ. ಅದು ಕೈಗೆ ಬಂದ ಹಾಗೆ ಬ್ರೇಕನ್ನು ಒಂದೊಂದೇ ಹಂತ ಇಳಿಸುತ್ತಾ ಹೋಗಿ. ಎದುರುಗಾಳಿಯಿದ್ದರೆ ಮತ್ತೆ ಏರಿಸಿ. ಗಂಟು ಬಿದ್ದಾಗ ಸಿಕ್ಕ ಸಿಕ್ಕ ಕುಣಿಕೆ ಎಳೆಯಬೇಡಿ. ಹೆಬ್ಬೆರಳಿನಿಂದ ಸ್ಪೂಲನ್ನು ಗಟ್ಟಿಯಾಗಿ ಒತ್ತಿ, ಹಾಗೆಯೇ ಹ್ಯಾಂಡಲ್ ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಗುಂಡಿ ಒತ್ತಿ ಲೈನನ್ನು ನೇರವಾಗಿ ಎಳೆಯಿರಿ. ಅರ್ಧಕ್ಕಿಂತ ಹೆಚ್ಚು ಗಂಟುಗಳು ಇಷ್ಟಕ್ಕೇ ಬಿಟ್ಟುಕೊಳ್ಳುತ್ತವೆ. ಕಲಿಯುವಾಗ ದುಬಾರಿ ಫ್ಲೋರೊಕಾರ್ಬನ್ ಸುತ್ತಬೇಡಿ, 12 ಅಥವಾ 14 ಪೌಂಡಿನ ಸಾದಾ ನೈಲಾನ್ ಸಾಕು, ಕತ್ತರಿಸಿ ಬಿಸಾಡಿದರೂ ಹೊಟ್ಟೆ ಉರಿಯುವುದಿಲ್ಲ.

ಮಗಳಿಗೆ ಬೇರೆಯದೇ ರಾಡ್ ಕೊಡಿಸಿ, ನಿಮ್ಮದನ್ನೇ ಹಂಚಿಕೊಳ್ಳುವ ಯೋಚನೆ ಬೇಡ. ಐದಾರು ವರ್ಷದ ಮಗುವಾಗಿದ್ದರೆ ಹಿಂದೆ ಗುಂಡಿ ಒತ್ತಿ ಎಸೆಯುವ ಮುಚ್ಚಿದ ಮೂತಿಯ ರೀಲ್ ಅನ್ನುತ್ತಿದ್ದೆ. ಅದನ್ನು ಮನೆಮಾತು ಮಾಡಿದ ಜೆಬ್ಕೊ ಕಂಪನಿ ಮೊದಲು ಓಕ್ಲಹೋಮದ ಟಲ್ಸಾದಲ್ಲಿ ಎಣ್ಣೆಬಾವಿಗಳಿಗೆ ಟೈಮ್‌ಬಾಂಬ್ ಮಾಡುತ್ತಿದ್ದದ್ದು, ಹೆಸರೇ ಝೀರೋ ಅವರ್ ಬಾಂಬ್ ಕಂಪನಿ! 10 ವರ್ಷದವಳಿಗೆ ಅದು ಬೇಕಾಗಿಲ್ಲ. 6 ಅಡಿಯ ಮೀಡಿಯಂ ಲೈಟ್ ಸ್ಪಿನ್ನಿಂಗ್, 1000 ಅಥವಾ 2000 ಗಾತ್ರದ ರೀಲ್, 6 ಪೌಂಡ್ ನೈಲಾನ್. ಮೊದಲ ಕೆಲವು ಸಂಜೆ ಅವಳಿಗೆ ಬಾಸ್ ಬೇಡ, ಬ್ಲೂಗಿಲ್ ಎಂಬ ಸಣ್ಣ ಮೀನು ಹಿಡಿಯಲಿ. ಪುಟ್ಟ ಗಾಳ, ಬೆಂಡು, ಎರೆಹುಳು. ನಿಮ್ಮ ಊರ ವಿದ್ಯೆಯನ್ನು ಅವಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಕಾನೂನಿನ ಮಾತು ಸ್ವಲ್ಪ. 17 ತುಂಬದ ಮಗಳಿಗೆ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಡ, ನಿಮಗೆ ಬೇಕು. ಸಿಹಿನೀರಿನ ಅನುಮತಿಯೂ ಸೇರಿರುವುದನ್ನೇ ತಗೊಳ್ಳಿ. ರಾಜ್ಯ ಉದ್ಯಾನಗಳ ಒಳಗೆ ದಡದಿಂದ ಹಿಡಿಯುವುದಾದರೆ ಅದೂ ಬೇಡ, ಲೈಸೆನ್ಸ್ ಬರುವ ಮುಂಚೆ ಕೈ ಪಳಗಿಸಲು ಅನುಕೂಲ. ಬಡಾವಣೆಯ ಕೊಳಕ್ಕೆ ನಿವಾಸಿಗಳ ಸಂಘದ ನಿಯಮ ಏನಿದೆ ಕೇಳಿಕೊಳ್ಳಿ, ಕೆಲವು ಕಡೆ ಹಿಡಿದದ್ದನ್ನು ಬಿಡಲೇಬೇಕು. ಫೋರ್ಕ್‌ನಲ್ಲಿ 16 ಇಂಚಿಗಿಂತ ಉದ್ದ, 24 ಇಂಚಿಗಿಂತ ಗಿಡ್ಡ ಇರುವ ಬಾಸ್ ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಐದು, ಅದರಲ್ಲಿ 24 ಇಂಚು ಅಥವಾ ಅದಕ್ಕೆ ಮೇಲ್ಪಟ್ಟದ್ದು ಒಂದೇ. ದೋಣಿ ಹತ್ತುವ ಮುಂಚೆ ಗೆಳೆಯನ ಹತ್ತಿರ ಅಳತೆಪಟ್ಟಿ ಇದೆಯೇ ಕೇಳಿ, ಇಲ್ಲದಿದ್ದರೆ ಇಕ್ಕಳ ಕೊಳ್ಳುವಾಗ ಅದನ್ನೂ ಒಂದು ತಗೊಳ್ಳಿ.